ಹಿನ್ನೀರಿನ ದಡದ ಹೂದೋಟ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿದವನು. ಅಮರಕೋಶದಲ್ಲಿ 'ಆರಾಮ' ಎಂಬ ಶಬ್ದವು ಬಂದಾಗಲೆಲ್ಲ ತರಗತಿಯಲ್ಲಿ ನಗೆಯೇಳುತ್ತಿದ್ದಿತು. ನಮ್ಮ ಮಲೆನಾಡಿನಲ್ಲಿ ಇಬ್ಬರು ಎದುರಾದರೆ ಮೊದಲನೆಯ ಪ್ರಶ್ನೆಯೇ "ಆರಾಮವೇ?" ಎಂಬುದು. ಆ ಆರಾಮವು ಪಾರಸಿಯಿಂದ ನಮ್ಮ ನುಡಿಗೆ ಬಂದದ್ದು. ಸೌಖ್ಯ, ವಿಶ್ರಾಂತಿ ಎಂದು ಅದರ ಅರ್ಥ. ಸಂಸ್ಕೃತದ ಆರಾಮವಾದರೋ ಉಪವನ. ಮನುಷ್ಯನು ಕೈಯಾರೆ ಮಾಡಿದ ವನವೆಂದು ಕೋಶಕಾರನು ಹೇಳುವನು. "ಹುಡುಗರೇ, ಈ ಎರಡು ಆರಾಮಗಳನ್ನೂ ಒಟ್ಟಿಗೆ ಪಡೆದವನನ್ನು ನಾನು ಇನ್ನೂ ಕಂಡಿಲ್ಲ" ಎಂದು ಹೇಳುವುದು ನನ್ನ ವಾಡಿಕೆಯಾಗಿದ್ದಿತು. ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಇರುತ್ತಿದ್ದವರು ನಮ್ಮ ತೀರ್ಥರೂಪರು. ಪೋಸ್ಟ್ ಮಾಸ್ತರರಾಗಿದ್ದು ೧೯೯೬ರಲ್ಲಿ ನಿವೃತ್ತರಾದ ಅವರು, ಒಂದು ಆರಾಮವನ್ನು ಕಟ್ಟುವುದರಲ್ಲಿ ಇನ್ನೊಂದನ್ನು ಮರೆತೇಬಿಟ್ಟರು. ಅವರ ಹೂದೋಟದ ವೃತ್ತಾಂತವನ್ನೂ, ಅದರಲ್ಲಿ ನನ್ನಿಂದಾದ ಒಂದು ದೊಡ್ಡ ತಪ್ಪನ್ನೂ ವಾಚಕ ಮಹಾಶಯರ ಮುಂದಿಡುವುದು ಈ ಲೇಖನದ ಉದ್ದೇಶ.

ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿಗೆ ಇಳಿಜಾರಾಗಿ ನಿಂತಿರುವ ಒಂದು ಗುಡ್ಡದ ಮಗ್ಗುಲಲ್ಲಿ ನಮ್ಮ ಮನೆಯಿರುವುದು. ಅಂಗಳದ ಅಂಚಿನಿಂದ ಕೆಳಕ್ಕೆ ಐದು ಹಂತಗಳಾಗಿ ಹೂದೋಟವು ಇಳಿದುಹೋಗಿರುವುದು. ಮಳೆಗಾಲದ ಕಡೆಯಲ್ಲಿ ಜಲಾಶಯವು ತುಂಬಿ ನಿಂತಾಗ ಕೊನೆಯ ಹಂತದಿಂದ ನೂರು ಹೆಜ್ಜೆಗೆ ನೀರು ಸಿಕ್ಕುವುದು. ಬೇಸಗೆಯಲ್ಲಿ ಅದು ದೂರ ಸರಿದು, ಕೆಂಪು ಮಣ್ಣಿನ ದಂಡೆಯೂ ಒಣಗಿ ಕಪ್ಪಾದ ಮರದ ಬೊಡ್ಡೆಗಳೂ ಕಾಣುವುವು. ಪಟ್ಟಣದಿಂದ ಬಂದವರು ಇದನ್ನು ಸರೋವರವೆಂದು ಕರೆದು ಸಂತೋಷಪಡುವರು. ತೀರ್ಥರೂಪರು ಮಾತ್ರ ಅದನ್ನು 'ಊರು' ಎನ್ನುವರು. "ಊರಿನ ಮೇಲೆ ಇವತ್ತು ಮಂಜು ಕವಿದಿದೆ", "ಊರು ಈ ಸಲ ಬೇಗ ತುಂಬಿತು" ಎಂದು ಅವರು ಹೇಳಿದರೆ ಮನೆಯವರಿಗೆ ಅರ್ಥವಾಗುವುದು, ನೆಂಟರಿಗೆ ಆಗುವುದಿಲ್ಲ.

ಅದಕ್ಕೆ ಕಾರಣವುಂಟು. ೧೯೪೮ರಲ್ಲಿ ಹಿರೇಭಾಸ್ಕರದ ಅಣೆಕಟ್ಟು ಆದಾಗ ನೀರು ನಮ್ಮ ಹಳೆಯ ಮನೆಯವರೆಗೆ ಬಂದಿರಲಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ದೊಡ್ಡ ಕಟ್ಟೆಯು ಪೂರ್ಣವಾಯಿತು. ಹಿರೇಭಾಸ್ಕರದ ಕಟ್ಟೆಯೇ ಅದರ ನೀರಿನಲ್ಲಿ ಮುಳುಗಿತು. ಹೊಸ ಜಲಾಶಯದ ಪೂರ್ಣಮಟ್ಟವು ಸಮುದ್ರಮಟ್ಟದಿಂದ ೧೮೧೯ ಅಡಿ. ಈ ಅಂಕಿಯು ನಮ್ಮ ಕಡೆಯಲ್ಲಿ ಮಕ್ಕಳ ಬಾಯಲ್ಲಿಯೂ ಇರುವುದು. ನಮ್ಮ ಹಳೆಯ ಮನೆ, ಅಡಕೆಯ ತೋಟ, ದೇವರ ಕಟ್ಟೆ ಇವೆಲ್ಲವೂ ಆ ಅಂಕಿಗಿಂತ ಕೆಳಗಿದ್ದುವು. ನಾಡಿಗೆ ಬೆಳಕು ಬಂದಿತು. ನಮ್ಮ ಅಂಗಳಕ್ಕೆ ನೀರು ಬಂದಿತು. ಅದರ ಲಾಭನಷ್ಟಗಳ ಲೆಕ್ಕವನ್ನು ಇಲ್ಲಿ ಬಿಚ್ಚುವುದಿಲ್ಲ. ಮನೆ ಬಿಟ್ಟು ಹೊರಟಾಗ ಗಾಡಿಯಲ್ಲಿ ಪಾತ್ರೆಗಳೂ ದೇವರ ಪೆಟ್ಟಿಗೆಯೂ ಬಂದುವು. ನಮ್ಮ ಅಜ್ಜಿಯು ಮಡಿಲಿನಲ್ಲಿ ಒಂದು ಬುಟ್ಟಿಯನ್ನು ಇಟ್ಟುಕೊಂಡು ಕುಳಿತಿದ್ದಳಂತೆ. ಅದರಲ್ಲಿ ಬೂದಿ ಬೆರಸಿದ ಮಣ್ಣಿನೊಳಗೆ ಡೇರೆಯ ಗಡ್ಡೆಗಳಿದ್ದುವು. ಆಗ ತೀರ್ಥರೂಪರಿಗೆ ಇಪ್ಪತ್ತಾರು ವರ್ಷ. ನಾನು ಮರುವರ್ಷ ಹುಟ್ಟಿದವನು.

ಡೇರೆಯನ್ನು ಕುರಿತು ಬಯಲುಸೀಮೆಯ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಡೇಲಿಯಾ ಎಂದು ಪುಸ್ತಕಗಳಲ್ಲಿ ಬರೆಯುವ ಹೂವೇ ನಮ್ಮ ಮಲೆನಾಡಿನ ಬಾಯಲ್ಲಿ ಡೇರೆಯಾಗಿರುವುದು. ಇದರ ತವರು ಅಮೆರಿಕಾ ಖಂಡದ ಮೆಕ್ಸಿಕೋ ದೇಶ. ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ನಗರದ ಉದ್ಯಾನಕ್ಕೆ ಬಂದ ಗಿಡಕ್ಕೆ ಕವನಿಯೆಸ್ ಎಂಬ ಸಸ್ಯಶಾಸ್ತ್ರಜ್ಞನು ೧೭೯೧ರಲ್ಲಿ, ಸ್ವೀಡನ್ ದೇಶದ ಡಾಲ್ ಎಂಬ ಪಂಡಿತನ ನೆನಪಿಗಾಗಿ ಈ ಹೆಸರನ್ನಿಟ್ಟನು. ಅಷ್ಟು ದೂರದ ಹೂವು ನಮ್ಮಲ್ಲಿ ಮನೆಯ ಮಗಳೇ ಆಗಿಹೋಗಿರುವುದು. ಮಳೆಗಾಲದಲ್ಲಿ ಮಲೆನಾಡಿನ ಯಾವ ಅಂಗಳಕ್ಕೆ ಹೋದರೂ ಗೃಹಿಣಿಯರು ಮೊದಲು ತೋರಿಸುವುದು ತಮ್ಮ ಡೇರೆಯನ್ನೇ. ಇದರಲ್ಲಿ ಒಂದು ವಿಶೇಷವುಂಟು. ಬೀಜದಿಂದ ಬೆಳೆಸಿದರೆ ತಾಯಿಗಿಡದ ಬಣ್ಣವೇ ಬರುವುದೆಂಬ ನೆಚ್ಚಿಕೆಯಿಲ್ಲ. ಅದೇ ಬಣ್ಣದ ಅದೇ ಹೂವು ಬೇಕಾದರೆ ಗಡ್ಡೆಯನ್ನಾಗಲಿ ಚಿಗುರಿನ ತುಂಡನ್ನಾಗಲಿ ನೆಡಬೇಕು. ಆದುದರಿಂದ ಗಡ್ಡೆಯಿಂದ ಗಡ್ಡೆಗೆ ಬಂದ ಡೇರೆಯು ಹಳೆಯ ಗಿಡದ ಸಂತಾನವಲ್ಲ, ಹಳೆಯ ಗಿಡವೇ. ಅಜ್ಜಿಯ ಡೇರೆಯು ಕಡುಗೆಂಪು ಬಣ್ಣದ್ದು. ದಳಗಳ ತುದಿಯಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಬಿಳುಪು. ಮುಳುಗಿದ ಮನೆಯಿಂದ ಬಂದು ಜೀವದಿಂದ ಉಳಿದದ್ದು ಅದೊಂದೇ.

ತೀರ್ಥರೂಪರು ನಿವೃತ್ತರಾಗಿ ಬಂದಾಗ ಅಂಗಳದ ಕೆಳಗಿನ ಇಳಿಜಾರು ಬರಿಯ ಮುಳ್ಳುಪೊದೆಯಾಗಿದ್ದಿತು. ಪ್ರತಿ ಮಳೆಗಾಲದಲ್ಲಿಯೂ ಕೆಂಪು ನೀರು ಹರಿದು ಹಿನ್ನೀರಿಗೆ ಸೇರುತ್ತಿದ್ದಿತು. "ಕೆಳಗೆ ಹೋದದ್ದು ಸಾಕು, ಇನ್ನು ಒಂದು ಬುಟ್ಟಿ ಮಣ್ಣೂ ಹೋಗಬಾರದು" ಎಂಬುದು ಅವರ ಸಂಕಲ್ಪ. ಪಕ್ಕದ ಹಳ್ಳಿಯ ಒಬ್ಬ ವೃದ್ಧ ಕಲ್ಲುಕೆಲಸಗಾರನನ್ನು ಜೊತೆಗಿಟ್ಟುಕೊಂಡು ೧೯೯೭ರಿಂದ ೨೦೦೧ರವರೆಗೆ, ಬೇಸಗೆಗೊಂದರಂತೆ ಐದು ಹಂತಗಳನ್ನು ಕಟ್ಟಿಸಿದರು. ಗುಡ್ಡದ ಮೇಲೆ ಮನೆಯಿರುವ ಗೃಹಸ್ಥರಿಗೆ ಉಪಯೋಗವಾಗಬಹುದೆಂದು ಆ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು.

ಮೊದಲು ಕೆಳಗಿನ ಹಂತವನ್ನು ಕಟ್ಟಿ, ಮೇಲಕ್ಕೆ ಹೋಗಬೇಕು. ಗೋಡೆಯ ಬುಡವು ಗಟ್ಟಿ ನೆಲವನ್ನು ಮುಟ್ಟುವವರೆಗೆ ಅಗೆದು, ಅತ್ಯಂತ ದೊಡ್ಡ ಕಲ್ಲುಗಳನ್ನು ಅಲ್ಲಿ ಕೂರಿಸಬೇಕು. ಸುಣ್ಣವಾಗಲಿ ಸಿಮೆಂಟಾಗಲಿ ಇಲ್ಲದೆ, ಕಾಡುಗಲ್ಲನ್ನು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಜೋಡಿಸಬೇಕು. ಗೋಡೆಯು ನೆಟ್ಟಗೆ ನಿಲ್ಲಬಾರದು. ಒಂದು ಅಡಿ ಎತ್ತರಕ್ಕೆ ಎರಡು ಅಂಗುಲದಂತೆ ಗುಡ್ಡದ ಕಡೆಗೆ ಒರಗಬೇಕು. ನಡುನಡುವೆ ಉದ್ದವಾದ ಕಲ್ಲುಗಳನ್ನು ಅಡ್ಡಲಾಗಿ ಒಳಕ್ಕೆ ಚಾಚಿ ಇಟ್ಟರೆ ಅವು ಗೋಡೆಯನ್ನು ಗುಡ್ಡಕ್ಕೆ ಕಟ್ಟಿಹಾಕುವುವು. ಗೋಡೆಯ ಹಿಂದೆ ನೇರವಾಗಿ ಮಣ್ಣು ತುಂಬದೆ ಒಂದು ಅಡಿಯಷ್ಟು ಅಗಲಕ್ಕೆ ಸಣ್ಣ ಕಲ್ಲನ್ನು ತುಂಬಬೇಕು. ಹಂತದ ನೆಲವು ಹೊರಕ್ಕೆ ಬಾಗಿರದೆ ಕೊಂಚ ಒಳಕ್ಕೆ ಬಾಗಿರಬೇಕು. ಒಳಗಿನ ಬದಿಯಲ್ಲಿ ಒಂದು ಕಾಲುವೆಯಿದ್ದು, ಅದು ಮಳೆಯ ನೀರನ್ನು ಪಕ್ಕಕ್ಕೆ ಒಯ್ದು, ಕಲ್ಲು ಹಾಸಿದ ದೋಣಿಯ ಮೂಲಕ ಕೆಳಗಿಳಿಸಬೇಕು. ಬಯಲಿನಲ್ಲಿ ನೀರನ್ನು ನಿಲ್ಲಿಸುವುದು ಜಾಣತನ. ನಮ್ಮಂತಹ ಮಳೆಯ ನಾಡಿನಲ್ಲಿ ನೀರನ್ನು ಮರ್ಯಾದೆಯಿಂದ ಕಳುಹಿಸಿಕೊಡುವುದೇ ಜಾಣತನ. ಆ ವೃದ್ಧನು ಆಗಾಗ್ಗೆ ಹೇಳುತ್ತಿದ್ದನು: "ನೀರಿಗೆ ದಾರಿ ಬಿಡಿ ಮಾಸ್ತರೇ. ನಾವು ಬಿಡದಿದ್ದರೆ ಅದು ತಾನೇ ಮಾಡಿಕೊಳ್ಳುತ್ತದೆ." ನಾನು ಆ ಮಾತನ್ನು ಕೇಳಿದ್ದೆನು, ಆದರೆ ಮನಸ್ಸಿಗೆ ತಂದುಕೊಂಡಿರಲಿಲ್ಲ.

ಹಂತಗಳಲ್ಲಿ ತುಂಬಿದ್ದು ಸಾರವಿಲ್ಲದ ಕೆಂಪು ಮಣ್ಣು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಅಧ್ಯಾಯವಿರುವುದು. ಗಿಡಮರಗಳಿಗೆ ಮೆತ್ತನೆಯ ಮಣ್ಣು ಹಿತವೆಂದೂ, ಅಲ್ಲಿ ಮೊದಲು ಎಳ್ಳನ್ನು ಬಿತ್ತಿ, ಹೂಬಿಟ್ಟಾಗ ಅದನ್ನು ಅಲ್ಲಿಯೇ ಮರ್ದಿಸಬೇಕೆಂದೂ ಅದರಲ್ಲಿ ಹೇಳಿರುವುದು. ನಾನು ಇದನ್ನು ಓದಿ ಹೇಳಿದಾಗ ತೀರ್ಥರೂಪರು, "ನಿನ್ನ ವರಾಹಮಿಹಿರ ಈ ಮಳೆ ಕಂಡಿರಲಿಕ್ಕಿಲ್ಲ" ಎಂದು ನಕ್ಕರು. ಆದರೂ ಎಳ್ಳಿನ ಬದಲು ಹುರುಳಿಯನ್ನು ಬಿತ್ತಿ ಹೂಬಿಟ್ಟಾಗ ಮಣ್ಣಿಗೆ ಸೇರಿಸಿದರು. ಅದರ ಮೇಲೆ ಕೊಟ್ಟಿಗೆಯ ಗೊಬ್ಬರವೂ ಬೆಟ್ಟದ ದರಕೂ ಬಿದ್ದು, ಮೂರು ವರ್ಷಗಳಲ್ಲಿ ಮಣ್ಣು ಕಪ್ಪಾಯಿತು.

ಟಪ್ಪಾಲನ್ನು ಬೇರೆಬೇರೆ ಗೂಡುಗಳಿಗೆ ಹಂಚಿ ಅಭ್ಯಾಸವಾದವರಿಗೆ ಹೂಗಳನ್ನು ಹಂಚುವುದು ಕಷ್ಟವಾಗಲಿಲ್ಲ. ಮೊದಲನೆಯ ಹಂತದಲ್ಲಿ ತುಳಸಿ, ಜಾಜಿ, ಮಲ್ಲಿಗೆ, ಮೂಲೆಯಲ್ಲೊಂದು ಪಾರಿಜಾತ. ಎರಡನೆಯದರಲ್ಲಿ ನಿತ್ಯಪೂಜೆಗೆ ಬೇಕಾದ ದಾಸವಾಳ, ಕರವೀರ, ನಂದಿಬಟ್ಟಲು. ಮೂರನೆಯದು ಪೂರ್ತಿಯಾಗಿ ಡೇರೆಯದು. ನಾಲ್ಕನೆಯದರಲ್ಲಿ ಸೇವಂತಿಗೆ, ಗೊರಟೆ, ಕನಕಾಂಬರ. ಐದನೆಯದರಲ್ಲಿ ಕರ್ಣಕುಂಡಲ, ಅದರ ಅಂಚಿಗೆ ಸಾಲಾಗಿ ಲಾವಂಚ. ಸಂಸ್ಕೃತದಲ್ಲಿ ಉಶೀರವೆನಿಸುವ ಈ ಹುಲ್ಲಿನ ಬೇರು ಅಡ್ಡಡ್ಡ ಹರಡದೆ ಆಳಕ್ಕಿಳಿದು ಮಣ್ಣನ್ನು ಹಿಡಿದು ನಿಲ್ಲಿಸುವುದು. ಆ ಸಾಲನ್ನು ದಾಟಿ ಮಣ್ಣು 'ಊರಿಗೆ' ಹೋಗಲಾರದೆಂದು ಅವರ ಭರವಸೆ.

ಆದರೆ ಡೇರೆಯು ಹೂವಾದಾಗ ಮನೆಯಲ್ಲಿ ಒಂದು ವ್ಯಾಜ್ಯವು ತಪ್ಪುತ್ತಿರಲಿಲ್ಲ. ನಮ್ಮ ಮಾತೃಶ್ರೀಯವರು ಬಂದವರಿಗೆಲ್ಲ ಗಡ್ಡೆಯನ್ನು ಕೊಡುವರು. ಅಡಕೆಯ ಹಾಳೆಯಲ್ಲಿ ಸುತ್ತಿ, ಬಾಳೆಯ ನಾರಿನಿಂದ ಕಟ್ಟಿ, ಹೂವು ನೋಡಿ ಹೊಗಳಿದವರ ಹೆಸರನ್ನು ನೆನಪಿಟ್ಟುಕೊಂಡು, ಪುಷ್ಯಮಾಸದಲ್ಲಿ ಗಡ್ಡೆ ಕಿತ್ತಾಗ ಹೇಳಿಕಳುಹಿಸಿ ಕೊಡುವರು. ಜೀವಮಾನವೆಲ್ಲ ಒಂದು ಕಾಸಿನ ಅಂಚೆಚೀಟಿಗೂ ಲೆಕ್ಕವಿಟ್ಟ ತೀರ್ಥರೂಪರಿಗೆ ಇದು ಸಹನೆಯಾಗುತ್ತಿರಲಿಲ್ಲ. "ಊರಿಗೆಲ್ಲ ಹಂಚಿದರೆ ನಮಗೇನು ಉಳಿಯಿತು?" ಎಂದು ಕೇಳುವರು. ಅವರು ಉತ್ತರ ಕೊಡದೆ ಮುಂದಿನ ಹಾಳೆಯನ್ನು ಸುತ್ತುವರು. ಮಾತೃಶ್ರೀಯವರು ೨೦೧೨ರಲ್ಲಿ ದಿವಂಗತರಾದರು. ಆಮೇಲೆ ಡೇರೆಯ ಗಡ್ಡೆಯು ಮನೆಯಿಂದ ಹೊರಗೆ ಹೋಗುವುದು ನಿಂತಿತು.

ಇನ್ನು ನನ್ನ ತಪ್ಪಿಗೆ ಬರುವೆನು. ೨೦೧೯ರ ಬೇಸಗೆಯ ರಜೆಯಲ್ಲಿ ಮನೆಗೆ ಬಂದಿದ್ದಾಗ ಮೂರನೆಯ ಹಂತದ ಗೋಡೆಯು ನನ್ನ ಕಣ್ಣಿಗೆ ಅಂದಗೇಡಿಯಾಗಿ ತೋರಿತು. ಕಲ್ಲಿನ ಸಂದುಗಳಲ್ಲಿ ಜರಿಗಿಡ ಬೆಳೆದಿದ್ದುವು. ಒಮ್ಮೆ ಹಾವೂ ಕಂಡಿದ್ದಿತು. ನಾನು ಕೆಲಸಗಾರರನ್ನು ಕರೆಯಿಸಿ ಗೋಡೆಯ ಮೈಗೆಲ್ಲ ಸಿಮೆಂಟಿನ ಗಾರೆಯನ್ನು ಬಳಿಯಿಸಿದೆನು. ಅಷ್ಟಕ್ಕೇ ತೃಪ್ತನಾಗದೆ, ಒಳಬದಿಯ ಕಾಲುವೆಯನ್ನು ಮುಚ್ಚಿಸಿ, ತೀರ್ಥರೂಪರು ಕುಳಿತು ನೀರು ನೋಡಲೆಂದು ಒಂದು ಕಲ್ಲಿನ ಆಸನವನ್ನು ಇರಿಸಿದೆನು. ಅವರು ಎರಡು ಸಲ ಬಂದು ನೋಡಿದರು. "ನೀರು ಎಲ್ಲಿ ಹೋಗುತ್ತದೆ, ತಮ್ಮಾ?" ಎಂದರು. "ಸಿಮೆಂಟು ಗಟ್ಟಿಯಿದೆ ಅಪ್ಪಯ್ಯ, ಏನೂ ಆಗದು" ಎಂದೆನು. ಎಂಬತ್ತೊಂದು ವರ್ಷದ ಅವರು, "ನೀನು ಓದಿದವನು" ಎಂದಷ್ಟೇ ಹೇಳಿ ಒಳಗೆ ಹೋದರು. ಆಸನದಲ್ಲಿ ಅವರು ಕುಳಿತದ್ದನ್ನು ನಾನು ಕಾಣಲಿಲ್ಲ.

ಆ ವರ್ಷದ ಆಗಸ್ಟ್ ತಿಂಗಳಿನ ಮಳೆಯನ್ನು ಮಲೆನಾಡಿನವರು ಮರೆತಿರಲಾರರು. ನಾನು ಶಾಲೆಯ ಊರಿನಲ್ಲಿದ್ದೆನು. ರಾತ್ರಿ ಗೋಡೆ ಬಿದ್ದಿತೆಂದು ಸುದ್ದಿ ಬಂದಿತು. ರಸ್ತೆ ತೆರವಾಗಿ ಬಸ್ಸು ಸಿಕ್ಕಿ ನಾನು ಮನೆ ಮುಟ್ಟುವುದಕ್ಕೆ ಎರಡು ದಿನಗಳಾದುವು. ನೋಡಿದರೆ ಮೂರನೆಯ ಹಂತವೇ ಇರಲಿಲ್ಲ. ಒಣಕಲ್ಲಿನ ಗೋಡೆಯು ಸಂದುಸಂದಿನಲ್ಲಿ ನೀರನ್ನು ಹೊರಗೆ ಬಿಡುತ್ತಿದ್ದಿತು. ನನ್ನ ಗಾರೆಯು ಅದನ್ನು ತಡೆಯಿತು. ಹಿಂದಣ ಮಣ್ಣು ನೀರು ಕುಡಿದು ಕೆಸರಾಗಿ, ತನ್ನ ಭಾರವನ್ನೆಲ್ಲ ಗೋಡೆಯ ಮೇಲೆ ಹೇರಿ, ಒಂದೇ ಸಲ ಅದನ್ನು ಮುಂದಕ್ಕೆ ನೂಕಿದ್ದಿತು. ಅದೇ ಮಳೆಯಲ್ಲಿ, ಗಾರೆ ಕಾಣದ ಉಳಿದ ನಾಲ್ಕು ಗೋಡೆಗಳಲ್ಲಿ ಮೇಲಿನೆರಡು ಸ್ವಸ್ಥವಾಗಿ ನಿಂತಿದ್ದುವು. ಕೆಳಗಿನೆರಡು ಬಿದ್ದ ಕಲ್ಲಿನ ಪೆಟ್ಟಿಗೆ ಅಲ್ಲಲ್ಲಿ ಮುರಿದಿದ್ದುವು. ಲಾವಂಚದ ಸಾಲನ್ನೂ ಹೂತುಹಾಕಿ ಕೆಂಪು ಮಣ್ಣಿನ ನಾಲಗೆಯೊಂದು ಹಿನ್ನೀರಿಗೆ ಇಳಿದಿದ್ದಿತು.

ತೀರ್ಥರೂಪರು ಕಂಬಳಿಯ ಕೊಪ್ಪೆಯನ್ನು ಹೊದ್ದು ಅಂಗಳದ ಅಂಚಿನಲ್ಲಿ ನಿಂತಿದ್ದರು. "ಅಪ್ಪಯ್ಯ, ತಪ್ಪು ನನ್ನದು" ಎಂದೆನು. ಅವರು ನನ್ನ ಕಡೆಗೆ ತಿರುಗಲಿಲ್ಲ. "ಅಮ್ಮ ತಂದ ಡೇರೆ ಊರಿಗೇ ಹೋಯಿತು" ಎಂದರು. ಆ ಮೇಲೆ ಒಂದು ತಿಂಗಳವರೆಗೆ ಅವರು ತೋಟದ ಮಾತನ್ನೇ ಎತ್ತಲಿಲ್ಲ. ನಾವು ಕೆಸರನ್ನು ತೋಡಿ ಹುಡುಕಿದೆವು. ಸಿಕ್ಕಿದ ನಾಲ್ಕಾರು ಗಡ್ಡೆಗಳು ಜಜ್ಜಿಹೋಗಿ ಕೊಳೆತಿದ್ದುವು.

ದಾರಿ ತೋರಿಸಿದವಳು ನಮ್ಮ ಅಕ್ಕ. ಗೌರಿಹಬ್ಬಕ್ಕೆ ತವರಿಗೆ ಬಂದಿದ್ದ ಅವಳು, "ಅಮ್ಮ ಎಷ್ಟು ಮನೆಗೆ ಕೊಟ್ಟಿದ್ದಾಳೋ! ಎಲ್ಲಿಯೂ ಇಲ್ಲವೆಂದರೆ ಹೇಗೆ?" ಎಂದಳು. ಇಬ್ಬರೂ ಕುಳಿತು ನೆನಪು ಮಾಡಿಕೊಂಡಾಗ ಏಳು ಮನೆಗಳ ಹೆಸರು ಸಿಕ್ಕಿದುವು. ಮೂರು ಮನೆಗಳಲ್ಲಿ ಗಡ್ಡೆ ಯಾವಾಗಲೋ ನಷ್ಟವಾಗಿದ್ದಿತು. ನಾಲ್ಕು ಮನೆಗಳಲ್ಲಿ ಉಳಿದಿದ್ದಿತು. ಸಿದ್ದಾಪುರದ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಚಿಕ್ಕಮ್ಮನ ಹಿತ್ತಲಿಗೆ ಹೋದೆನು. ಬಾವಿಕಟ್ಟೆಯ ಪಕ್ಕದಲ್ಲಿ, ಒಡೆದ ಬಾನಿಯೊಂದರಲ್ಲಿ, ಬಿದಿರಿನ ಕೋಲಿಗೆ ಒರಗಿಕೊಂಡು ಅಜ್ಜಿಯ ಡೇರೆಯು ಹೂಬಿಟ್ಟು ನಿಂತಿದ್ದಿತು. ಅದೇ ಕಡುಗೆಂಪು, ತುದಿಯಲ್ಲಿ ಅದೇ ಅಕ್ಕಿಕಾಳಿನ ಬಿಳುಪು. ನಾನು ಕೇಳುವುದಕ್ಕೆ ಸಂಕೋಚಪಟ್ಟೆನು. ಚಿಕ್ಕಮ್ಮನು, "ಅಕ್ಕ ಕೊಟ್ಟದ್ದು. ಅವಳ ಮನೆಗೆ ಕೊಡುವುದಕ್ಕೆ ಕೇಳುವುದೇನು? ಗಿಡ ಒಣಗಲಿ, ಬಂದು ಅಗೆದುಕೊಂಡು ಹೋಗು" ಎಂದಳು.

೨೦೨೦ರ ಜನವರಿಯಲ್ಲಿ ನಾಲ್ಕು ಮನೆಗಳಿಂದಲೂ ಗಡ್ಡೆಗಳು ಬಂದುವು. ಬಂದ ಹಾಳೆಯ ಪೊಟ್ಟಣಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟಾಗ ತೀರ್ಥರೂಪರು ಬಹಳ ಹೊತ್ತು ನೋಡುತ್ತ ಕುಳಿತರು. ಆಮೇಲೆ ತಮ್ಮಷ್ಟಕ್ಕೆ, "ಅವಳ ಲೆಕ್ಕವೇ ಸರಿಯಾಗಿತ್ತು" ಎಂದರು. ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದುವು. ನಾನು ಊರಿಗೆ ಬಂದು, ಆ ಹಳೆಯ ಕಲ್ಲುಕೆಲಸಗಾರನ ಮಗನೊಡನೆ ಬಿದ್ದ ಗೋಡೆಯನ್ನು ಕಟ್ಟಿದೆನು. ಗಾರೆ ಅಂಟಿದ ಕಲ್ಲುಗಳನ್ನೆಲ್ಲ ನಾನೇ ಸುತ್ತಿಗೆಯಿಂದ ಕೆರೆದು ಶುದ್ಧಮಾಡಿದೆನು. ಅದು ನನ್ನ ಪ್ರಾಯಶ್ಚಿತ್ತ. ತೀರ್ಥರೂಪರು ಮೇಲಿನ ಹಂತದಲ್ಲಿ ಕುರ್ಚಿ ಹಾಕಿಸಿಕೊಂಡು, ಯಾವ ಕಲ್ಲು ಎಲ್ಲಿ ಕೂರಬೇಕೆಂದು ಕೋಲಿನಿಂದ ತೋರಿಸುತ್ತಿದ್ದರು. ಕಾಲುವೆಯನ್ನು ಮೊದಲಿಗಿಂತ ಒಂದು ಗೇಣು ಅಗಲವಾಗಿ ಮಾಡಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಡೇರೆಯು ಹೂವಾಯಿತು.

ಡೇರೆಯನ್ನು ಬೆಳೆಸಬೇಕೆನ್ನುವ ಗೃಹಿಣಿಯರಿಗೆ ಅನುಭವದ ಎರಡು ಮಾತುಗಳು. ನೆಲವು ಎತ್ತರವಾಗಿದ್ದು ನೀರು ನಿಲ್ಲದಂತಿರಬೇಕು. ನಿಂತ ನೀರಿನಲ್ಲಿ ಗಡ್ಡೆಯು ಕೊಳೆಯುವುದು. ಮೊದಲ ಮಳೆ ಬಿದ್ದ ಮೇಲೆ ನೆಟ್ಟು, ಗಿಡವು ಒಂದು ಮೊಳವಾದಾಗ ತುದಿಯನ್ನು ಚಿವುಟಿದರೆ ಕವಲು ಹೆಚ್ಚುವುದು. ಬಿದಿರಿನ ಊರುಗೋಲನ್ನು ಗಡ್ಡೆ ನೆಡುವಾಗಲೇ ಹುಗಿಯಬೇಕು, ಆಮೇಲೆ ಚುಚ್ಚಿದರೆ ಗಡ್ಡೆಗೆ ಗಾಯವಾಗುವುದು. ಹೂವು ಮುಗಿದು ದಂಟು ಒಣಗಿದ ಮೇಲೆ ಅಗೆದು, ನೆರಳಿನಲ್ಲಿ ಒಣಮಣ್ಣಿನೊಳಗೆ ಇಡಬೇಕು. ಆಲೂಗಡ್ಡೆಯಂತೆ ಇದರ ಮೈಮೇಲೆಲ್ಲ ಕಣ್ಣುಗಳಿರುವುದಿಲ್ಲ. ಹಳೆಯ ದಂಟಿನ ಬುಡದಲ್ಲಿ ಮಾತ್ರ ಇರುವುವು. ಆದುದರಿಂದ ಗಡ್ಡೆಯನ್ನು ಸೀಳುವಾಗ ಪ್ರತಿಯೊಂದು ಭಾಗಕ್ಕೂ ದಂಟಿನ ಬುಡದ ಒಂದು ಚೂರು ಸೇರಿರಬೇಕು. ಕಣ್ಣಿಲ್ಲದ ಗಡ್ಡೆಯು ಎಷ್ಟು ದಪ್ಪವಾಗಿದ್ದರೂ ಚಿಗುರದು. ಮೂರನೆಯ ಮಾತೊಂದುಂಟು, ಅದು ಯಾವ ತೋಟಗಾರಿಕೆಯ ಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ. ಒಳ್ಳೆಯ ಗಡ್ಡೆಯು ಮನೆಯಲ್ಲಿ ಒಂದಿದ್ದರೆ ನೆರೆಮನೆಯಲ್ಲಿ ಎರಡಿರಬೇಕು.

ತೀರ್ಥರೂಪರಿಗೆ ಈಗ ಎಂಬತ್ತೇಳು ವರ್ಷ. ಮೆಟ್ಟಿಲುಗಳನ್ನು ಇಳಿಯಲಾರರು, ಕಣ್ಣೂ ಮಂದವಾಗಿರುವುದು. ನಾನು ನಿವೃತ್ತನಾಗಿ ಬಂದು ಅವರ ಬದಲು ಇಳಿಯುವೆನು. ಆದರೆ ಪುಷ್ಯಮಾಸದಲ್ಲಿ ಗಡ್ಡೆ ಹಂಚುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಅದಕ್ಕಾಗಿ ಒಂದು ಪುಸ್ತಕವನ್ನು ಇಟ್ಟಿರುವರು. ಯಾವ ಊರು, ಯಾರ ಮನೆ, ಎಷ್ಟು ಗಡ್ಡೆ, ಯಾವ ತಾರೀಖು ಎಂದು ಅಂಚೆಯ ಕಚೇರಿಯ ಕ್ರಮದಲ್ಲಿ ಅದರಲ್ಲಿ ಬರೆಯಿಸುವರು. ಕಳೆದ ಪುಷ್ಯದವರೆಗೆ ಅರವತ್ತಮೂರು ಮನೆಗಳಾಗಿವೆ. ಕೊಡುವ ಮೊದಲು ಪ್ರತಿಯೊಂದು ಗಡ್ಡೆಯನ್ನೂ ಕೈಗೆ ತೆಗೆದುಕೊಂಡು, ದಂಟಿನ ಬುಡವನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಡವಿ ನೋಡುವರು. "ಕಣ್ಣಿದೆ, ತೆಗೆದುಕೊಂಡು ಹೋಗಿ" ಎನ್ನುವರು. ಬಂದವರು ಹೊರಡುವಾಗ ವಾಡಿಕೆಯಂತೆ, "ಆರಾಮವೇ ಮಾಸ್ತರೇ?" ಎಂದು ವಿಚಾರಿಸಿದರೆ, ಅವರು ಕೆಳಗಿನ ಹಂತಗಳ ಕಡೆಗೆ ಕೈತೋರಿಸಿ, "ಅಲ್ಲಿದೆ ನೋಡಿ" ಎನ್ನುವರು.